ಪಾರ್ಕಿನ ಖರ್ಚು ಯಾರ ಪಾಲು? ಹಳೇ ಊರಿನವರದೋ, ಹೊಸ ಬಡಾವಣೆಯವರದೋ?

ಊರಹಬ್ಬಕ್ಕೆ ಮನೆಗಿಷ್ಟು ಎಂದು ವರಾಡ ಎತ್ತುವುದು ನಮ್ಮ ಕಡೆ ಹಳೆಯ ಪದ್ಧತಿ. ಊರಿಗೆ ಹೊಸದಾಗಿ ಬಂದು ಮನೆ ಮಾಡಿದವರೂ ಆ ವರ್ಷದಿಂದ ವರಾಡ ಕೊಡುತ್ತಾರೆ. ಆದರೆ ಹತ್ತು ವರ್ಷದ ಹಿಂದೆ ದೇವಸ್ಥಾನದ ಗೋಪುರಕ್ಕೆ ಮಾಡಿದ ಸಾಲವನ್ನು ಅವರೊಬ್ಬರ ತಲೆಗೇ ಕಟ್ಟಿದರೆ ಯಾರೂ ಅದನ್ನು ನ್ಯಾಯ ಅನ್ನುವುದಿಲ್ಲ. ಹಾಗೆಯೇ, ಅವರು ಬಂದಿದ್ದರಿಂದಲೇ ಪೆಂಡಾಲು ದೊಡ್ಡದು ಮಾಡಬೇಕಾಗಿ ಬಂದರೆ, ಆ ಹೆಚ್ಚಿನ ಖರ್ಚನ್ನು ಹಳಬರೇ ಹೊರಬೇಕು ಎನ್ನುವುದೂ ನ್ಯಾಯವಲ್ಲ.

ಊರಿನ ಪಾರ್ಕು, ಆಟದ ಮೈದಾನ, ಕೆರೆ ಏರಿಯ ಮೇಲಿನ ನಡಿಗೆದಾರಿ ಇವುಗಳ ಖರ್ಚು ಹಂಚುವಾಗಲೂ ಇದೇ ಪ್ರಶ್ನೆ ಬರುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಈಗ ಇದನ್ನು ಕೇಳಿಕೊಳ್ಳಲೇಬೇಕು. 2007ರಲ್ಲಿ ಜಿಲ್ಲೆಯಾದ ಈ ಪ್ರದೇಶಕ್ಕೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಬಂತು. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಉದ್ಘಾಟನೆಯಾಯಿತು. ಹೊಲವಿದ್ದ ಕಡೆ ಕಲ್ಲು ನೆಟ್ಟು ಸೈಟು ಮಾಡುವುದು ಇಲ್ಲಿ ಸಾಮಾನ್ಯ ನೋಟ. ಆ ಸೈಟುಗಳಲ್ಲಿ ಮನೆ ಕಟ್ಟುವವರ ಮಕ್ಕಳು ಎಲ್ಲಿ ಆಡಬೇಕು? ವಯಸ್ಸಾದವರು ಎಲ್ಲಿ ನಡೆಯಬೇಕು? ಅದಕ್ಕೆ ದುಡ್ಡು ಯಾರು ಕೊಡಬೇಕು?

ಈ ಬಗ್ಗೆ ಜನರಲ್ಲಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: "ಪಾರ್ಕು ಸರ್ಕಾರ ಕೊಡುವುದು, ನಮ್ಮ ದುಡ್ಡೇನಿಲ್ಲ"

ಪಾರ್ಕು ಯಾರ ಜವಾಬ್ದಾರಿ ಎಂಬುದಕ್ಕೆ ಸಂವಿಧಾನದಲ್ಲೇ ಉತ್ತರವಿದೆ. 74ನೇ ತಿದ್ದುಪಡಿಯ ಮೂಲಕ ಸೇರಿದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಉದ್ಯಾನ, ತೋಟ, ಆಟದ ಮೈದಾನ ಅದರಲ್ಲಿ 12ನೆಯದು. ಅಂದರೆ ರಾಮನಗರ, ಚನ್ನಪಟ್ಟಣ, ಕನಕಪುರಗಳಲ್ಲಿ ನಗರಸಭೆ, ಮಾಗಡಿಯಲ್ಲಿ ಪುರಸಭೆ ಇದನ್ನು ನೋಡಿಕೊಳ್ಳಬೇಕು.

ಆದರೆ ಕರ್ನಾಟಕದ 1964ರ ಪುರಸಭೆಗಳ ಕಾಯ್ದೆಯಲ್ಲಿ ಕೆಲಸಗಳು ಎರಡು ಬಗೆ. ಬೀದಿ ದೀಪ, ಕಸ, ಚರಂಡಿಯಂಥವು ಮಾಡಲೇಬೇಕಾದವು. ಸಾರ್ವಜನಿಕ ಉದ್ಯಾನಗಳು ವಿವೇಚನೆಗೆ ಬಿಟ್ಟ ಕೆಲಸಗಳ ಪಟ್ಟಿಯಲ್ಲಿ ಬರುತ್ತವೆ. ಕೈಯಲ್ಲಿ ದುಡ್ಡು ಕಡಿಮೆಯಿದ್ದಾಗ ಮೊದಲು ಕತ್ತರಿ ಬೀಳುವುದು ಇಂಥ ಪಟ್ಟಿಗೇ. ಆಸ್ತಿ ತೆರಿಗೆಯ ಚಲನ್ ತೆಗೆದು ನೋಡಿ: ಗ್ರಂಥಾಲಯ ಉಪಕರ, ಆರೋಗ್ಯ ಉಪಕರ, ಭಿಕ್ಷುಕರ ಉಪಕರ ಎಂಬ ಸಾಲುಗಳಿವೆ. ಉದ್ಯಾನಕ್ಕೆಂದು ಒಂದು ಸಾಲು ಇಲ್ಲ. ಪಾರ್ಕಿಗೆ ಬರಬೇಕಾದ್ದು ಸಾಮಾನ್ಯ ನಿಧಿಯಿಂದಲೇ ಬರಬೇಕು, ಆ ನಿಧಿ ನಮ್ಮ ತೆರಿಗೆಯೇ.

ಕೇಂದ್ರದ ಅನುದಾನವೂ ಎಲ್ಲರಿಗೂ ಸಿಗುವಂಥದ್ದಲ್ಲ. 2015ರಲ್ಲಿ ಬಂದ ಅಮೃತ್ ಯೋಜನೆಯಲ್ಲಿ ಹಸಿರು ಜಾಗ ಮತ್ತು ಪಾರ್ಕುಗಳಿಗೆ ಪಾಲಿತ್ತು. ಆದರೆ ಅದು ಮುಖ್ಯವಾಗಿ ಒಂದು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ. 2011ರ ಜನಗಣತಿಯಲ್ಲಿ ರಾಮನಗರದ ಜನಸಂಖ್ಯೆ ಸುಮಾರು 95 ಸಾವಿರ, ಚನ್ನಪಟ್ಟಣದ್ದು ಸುಮಾರು 72 ಸಾವಿರ, ಕನಕಪುರ ಸುಮಾರು 54 ಸಾವಿರ, ಮಾಗಡಿ ಸುಮಾರು 27 ಸಾವಿರ. ನಾಲ್ಕೂ ಆ ಗೆರೆಯ ಕೆಳಗೆ. 2021ರ ಅಮೃತ್ 2.0 ಬಂದ ಮೇಲೆ ಸಣ್ಣ ಪಟ್ಟಣಗಳಿಗೂ ಬಾಗಿಲು ತೆರೆಯಿತು. ಅನುದಾನದಿಂದ ಪಾರ್ಕು ಕಟ್ಟಬಹುದು. ಆದರೆ ಐದು ವರ್ಷದ ಮೇಲೆ ಅದರ ಬೋರ್‌ವೆಲ್ ಮೋಟಾರು ಸುಟ್ಟರೆ ರಿಪೇರಿಗೆ ದೆಹಲಿಯಿಂದ ದುಡ್ಡು ಬರುವುದಿಲ್ಲ.

ನಂಬಿಕೆ 2: "ಲೇಔಟಿನ ಪಾರ್ಕು ಡೆವಲಪರ್ ಪುಕ್ಕಟೆ ಕೊಡುತ್ತಾನೆ"

ಕರ್ನಾಟಕದಲ್ಲಿ ಹೊಸ ಬಡಾವಣೆಯಿಂದ ಪಾರ್ಕಿನ ಪಾಲು ವಸೂಲಾಗುವುದು ಮುಖ್ಯವಾಗಿ ಜಾಗದ ರೂಪದಲ್ಲಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು. ರಾಮನಗರ ಮತ್ತು ಚನ್ನಪಟ್ಟಣಕ್ಕೆ ಒಂದೇ ನಗರಾಭಿವೃದ್ಧಿ ಪ್ರಾಧಿಕಾರವಿದೆ. ಕನಕಪುರ, ಮಾಗಡಿಗಳಿಗೆ ಪ್ರತ್ಯೇಕ ಯೋಜನಾ ಪ್ರಾಧಿಕಾರಗಳಿವೆ. ಮಂಜೂರಾಗುವ ನಕ್ಷೆಯಲ್ಲಿ ಉದ್ಯಾನ ಮತ್ತು ಬಯಲಿಗೆ ಸಾಮಾನ್ಯವಾಗಿ ಶೇ 10, ನಾಗರಿಕ ಸೌಕರ್ಯಕ್ಕೆ (ಜನ ಸಿ.ಎ. ಸೈಟ್ ಅನ್ನುವುದು ಇದನ್ನೇ) ಶೇ 5 ಜಾಗ ಬಿಡಬೇಕು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ತಾನೇ ಮಾಡುವ ಬಡಾವಣೆಗಳಿಗೆ 1976ರ ಕಾಯ್ದೆ ಇನ್ನೂ ಬಿಗಿ: ಉದ್ಯಾನ ಮತ್ತು ಆಟದ ಮೈದಾನಕ್ಕೆ ಕನಿಷ್ಠ ಶೇ 15, ಅದರ ಮೇಲೆ ನಾಗರಿಕ ಸೌಕರ್ಯಕ್ಕೆ ಕನಿಷ್ಠ ಶೇ 10.

ಹತ್ತು ಎಕರೆಯ ಒಂದು ಬಡಾವಣೆಯನ್ನು ಊಹಿಸಿಕೊಳ್ಳೋಣ. ಶೇ 10 ಅಂದರೆ ಒಂದು ಎಕರೆ, 40 ಗುಂಟೆ ಪಾರ್ಕು. ರಸ್ತೆ, ಸಿ.ಎ. ಸೈಟು ಎಲ್ಲ ಕಳೆದು ಶೇ 55ರಷ್ಟು, ಅಂದರೆ ಐದೂವರೆ ಎಕರೆ, ಮಾರಾಟಕ್ಕೆ ಉಳಿಯಿತು ಅನ್ನಿ. ಅದರಲ್ಲಿ 30-40 ಅಳತೆಯ ಸುಮಾರು 200 ಸೈಟು ಆಗುತ್ತವೆ. ಎಕರೆಗೆ ಎರಡು ಕೋಟಿ ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ, ಪಾರ್ಕಿನ ಒಂದು ಎಕರೆಯ ಎರಡು ಕೋಟಿ ಆ 200 ಸೈಟುಗಳ ಮೇಲೆ ಬೀಳುತ್ತದೆ. ಸೈಟಿಗೆ ಒಂದು ಲಕ್ಷ ರೂಪಾಯಿ.

ಈ ಒಂದು ಲಕ್ಷವನ್ನು ಯಾರು ಹೊರುತ್ತಾರೆ ಎಂಬುದು ಮಾರುಕಟ್ಟೆಗೆ ಬಿಟ್ಟದ್ದು. ಸೈಟಿಗೆ ಬೇಡಿಕೆ ಜಾಸ್ತಿಯಿದ್ದರೆ ಕೊಳ್ಳುವವರು ಹೊರುತ್ತಾರೆ. ಕೊಳ್ಳುವವರು ಅಷ್ಟು ಕೊಡಲು ಒಪ್ಪದಿದ್ದರೆ, ಡೆವಲಪರ್ ಜಮೀನು ಕೊಳ್ಳುವಾಗಲೇ ರೈತನಿಗೆ ಅಷ್ಟು ಕಡಿಮೆ ಬೆಲೆ ಹೇಳುತ್ತಾನೆ. ತನ್ನ ಲಾಭದಲ್ಲಿ ಒಂದಿಷ್ಟು ಬಿಡಬೇಕಾಗಿ ಬರುವುದೂ ಉಂಟು. ಎಲ್ಲ ಸಂದರ್ಭದಲ್ಲೂ ಯಾರೋ ಕೊಟ್ಟೇ ಕೊಟ್ಟಿರುತ್ತಾರೆ. ಹಾಗಾಗಿ "ಲೇಔಟಿನವರು ಏನೂ ಕೊಡಲಿಲ್ಲ" ಎಂದು ಹಳಬರು ಹೇಳುವುದು ಮಂಜೂರಾದ ಬಡಾವಣೆಗಳ ಮಟ್ಟಿಗೆ ಸರಿಯಲ್ಲ.

ನಂಬಿಕೆ 3: "ಶೇ 10 ಬಿಟ್ಟರೆ ಮುಗಿಯಿತು, ಎಲ್ಲರಿಗೂ ಸಾಕು"

ಶೇಕಡಾವಾರು ಲೆಕ್ಕ ಜಾಗವನ್ನು ಎಣಿಸುತ್ತದೆ, ಜನರನ್ನಲ್ಲ. ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. 200 ಸೈಟಿನಲ್ಲಿ ಸೈಟಿಗೊಂದು ಮನೆ, ಮನೆಗೆ ನಾಲ್ವರು ಎಂದರೆ 800 ಜನ. ಒಂದು ಎಕರೆ ಅಂದರೆ 4,047 ಚದರ ಮೀಟರ್. ತಲೆಗೆ ಸುಮಾರು 5 ಚದರ ಮೀಟರ್ ಬಂತು. ಅದೇ ಸೈಟಿನಲ್ಲಿ ಬಾಡಿಗೆಗೆಂದು ಮೂರು ಅಂತಸ್ತು ಎದ್ದು ಮೂರು ಸಂಸಾರ ಬಂದರೆ 2,400 ಜನ. ಪಾರ್ಕು ಅಷ್ಟೇ ಇದೆ, ತಲೆಗೆ ಮಾತ್ರ 1.7 ಚದರ ಮೀಟರ್. ಒಂದು ಚಾಪೆ ಹಾಸುವಷ್ಟು ಜಾಗ.

ಇಲ್ಲೇ ಇನ್ನೊಂದು ಪ್ರಸಿದ್ಧ ಸಂಖ್ಯೆಯ ಬಗ್ಗೆ ಹೇಳಬೇಕು. "ತಲೆಗೆ 9 ಚದರ ಮೀಟರ್ ಹಸಿರು ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ" ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಎಲ್ಲರೂ ಉಲ್ಲೇಖಿಸುವ ಈ ಸಂಖ್ಯೆಗೆ ಆ ಸಂಸ್ಥೆಯ ಸ್ಪಷ್ಟವಾದ ಮೂಲ ದಾಖಲೆಯನ್ನು ಯಾರೂ ತೋರಿಸುವುದಿಲ್ಲ. ಅದರ ಯುರೋಪ್ ಪ್ರಾದೇಶಿಕ ಕಚೇರಿಯ ಪ್ರಕಟಣೆಗಳಲ್ಲಿರುವ ಅಂದಾಜು ಸೂತ್ರ ಬೇರೆ: ಮನೆಯಿಂದ 300 ಮೀಟರ್ ಒಳಗೆ, ಅಂದರೆ ಐದು ನಿಮಿಷ ನಡೆದರೆ, ಅರ್ಧದಿಂದ ಒಂದು ಹೆಕ್ಟೇರಿನಷ್ಟು ಸಾರ್ವಜನಿಕ ಹಸಿರು ಜಾಗ ಸಿಗಬೇಕು. ಭಾರತ ಸರ್ಕಾರದ 2014ರ ನಗರ ಯೋಜನಾ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ತೆರೆದ ಜಾಗದ ಗುರಿ ಹೇಳುತ್ತದೆ. ಅಜ್ಜಿಯೊಬ್ಬರಿಗೆ ಉಪಯೋಗಕ್ಕೆ ಬರುವುದು ದೂರದ ಲೆಕ್ಕ. ಊರಾಚೆ ನೂರು ಎಕರೆ ಕಾಡಿದ್ದರೆ ಸರಾಸರಿ ಏರುತ್ತದೆ, ಅವರ ಸಂಜೆಯ ನಡಿಗೆಗೆ ಅದರಿಂದ ಏನೂ ಆಗುವುದಿಲ್ಲ. ರಾಮದೇವರ ಬೆಟ್ಟ, ಸಾವನದುರ್ಗ ನಮ್ಮ ಹೆಮ್ಮೆ ನಿಜ. ಆದರೆ ಅವು ಮನೆ ಪಕ್ಕದ ಪಾರ್ಕಿಗೆ ಬದಲಿಯಲ್ಲ.

ನಂಬಿಕೆ 4: "ಜನ ಹೆಚ್ಚಿದ್ದು ಹೊಸಬರಿಂದ, ಪೂರ್ತಿ ಖರ್ಚು ಅವರೇ ಕೊಡಲಿ"

ಹಂಚಿಕೆಯ ಲೆಕ್ಕ ಹೇಗೆ ಎಂಬುದನ್ನು ಇಲ್ಲಿ ನೋಡೋಣ. ಜಗತ್ತಿನ ಹಲವೆಡೆ ನಗರಗಳು ಅನುಸರಿಸುವ ವಿಧಾನ ಸರಳವಾಗಿದೆ. ಮೊದಲು ಕೇಳುವ ಪ್ರಶ್ನೆ: ಈಗಿರುವ ಜನರಿಗೆ ತಲೆಗೆಷ್ಟು ಪಾರ್ಕು ಇದೆ? ಎರಡನೆಯದು: ನಮ್ಮ ಗುರಿ ಎಷ್ಟು? ಈಗಿನ ಕೊರತೆ ಹಳಬರ ಪಾಲು. ಹೊಸದಾಗಿ ಬರುವ ಜನರಿಗೆ ಗುರಿಯ ಮಟ್ಟದಲ್ಲಿ ಬೇಕಾಗುವಷ್ಟು ಹೊಸಬರ ಪಾಲು.

ಒಂದು ಕಲ್ಪಿತ ಪಟ್ಟಣ ತೆಗೆದುಕೊಳ್ಳೋಣ. ಜನ ಒಂದು ಲಕ್ಷ, ಪಾರ್ಕು 20 ಹೆಕ್ಟೇರ್, ತಲೆಗೆ 2 ಚದರ ಮೀಟರ್. ಗುರಿ ತಲೆಗೆ 3 ಚದರ ಮೀಟರ್. ಮುಂದಿನ ವರ್ಷಗಳಲ್ಲಿ ಇನ್ನೂ 20 ಸಾವಿರ ಜನ ಬರುತ್ತಾರೆ.

- ಒಟ್ಟು ಬೇಕಾದ್ದು: 1,20,000 ಜನ, ತಲೆಗೆ 3 ಚದರ ಮೀಟರ್, ಅಂದರೆ 36 ಹೆಕ್ಟೇರ್. ಈಗಿರುವ 20 ಕಳೆದರೆ ಹೊಸದಾಗಿ 16 ಹೆಕ್ಟೇರ್ ಬೇಕು.
- ಹಳಬರ ಕೊರತೆ: ಒಂದು ಲಕ್ಷ ಜನಕ್ಕೆ ತಲೆಗೆ 1 ಚದರ ಮೀಟರ್, ಅಂದರೆ 10 ಹೆಕ್ಟೇರ್.
- ಹೊಸಬರ ಅಗತ್ಯ: 20 ಸಾವಿರ ಜನಕ್ಕೆ ತಲೆಗೆ 3 ಚದರ ಮೀಟರ್, ಅಂದರೆ 6 ಹೆಕ್ಟೇರ್.

ಹೆಕ್ಟೇರಿಗೆ ಒಂದು ಕೋಟಿ ಖರ್ಚು ಎಂದಿಟ್ಟುಕೊಂಡರೆ 16 ಕೋಟಿಯಲ್ಲಿ 10 ಕೋಟಿ ಊರಿನ ಸಾಮಾನ್ಯ ನಿಧಿಯಿಂದ, 6 ಕೋಟಿ ಹೊಸ ಬಡಾವಣೆಗಳಿಂದ ಬರಬೇಕು. ಪೂರ್ತಿ 16 ಕೋಟಿಯನ್ನು ಹೊಸಬರ ಮೇಲೆ ಹೇರಿದರೆ, ಹಳಬರು ಇಷ್ಟು ವರ್ಷ ಮಾಡದೆ ಬಿಟ್ಟ ಕೆಲಸದ ಬಿಲ್ಲನ್ನು ಹೊಸಬರಿಗೆ ಕೊಟ್ಟಂತೆ. ಹೊಸಬರಿಂದ ಏನನ್ನೂ ಪಡೆಯದಿದ್ದರೆ, ಈಗಿರುವ 20 ಹೆಕ್ಟೇರಿನಲ್ಲಿ 1,20,000 ಜನ ತುಂಬಿ ಎಲ್ಲರ ಪಾಲೂ ತಲೆಗೆ 1.7 ಚದರ ಮೀಟರಿಗೆ ಇಳಿಯುತ್ತದೆ. ಆಗ ಹಳಬರು ದುಡ್ಡು ಕೊಡದಿದ್ದರೂ ಜಾಗ ಕಳೆದುಕೊಂಡಿರುತ್ತಾರೆ.

ಈ ಲೆಕ್ಕದಲ್ಲಿ ಗಮನಿಸಬೇಕಾದ ಎರಡು ವಿಷಯಗಳಿವೆ. ಒಂದು, ಬಡಾವಣೆಯವರು ಈಗಾಗಲೇ ಬಿಟ್ಟುಕೊಟ್ಟ ಜಾಗದ ಬೆಲೆಯನ್ನು ಅವರ ಪಾಲಿನಲ್ಲಿ ಕಳೆಯಬೇಕು. ಇಲ್ಲದಿದ್ದರೆ ಒಂದೇ ಪಾರ್ಕಿಗೆ ಎರಡು ಸಲ ವಸೂಲಿ ಆಗುತ್ತದೆ. ಎರಡು, ಹೊಸಬರೂ ನಾಳೆಯಿಂದ ಆಸ್ತಿ ತೆರಿಗೆ ಕಟ್ಟುತ್ತಾರೆ. ಹಳೇ ಕೊರತೆ ತುಂಬುವ ಖರ್ಚಿನಲ್ಲೂ ಅವರ ತೆರಿಗೆಯ ಪಾಲು ಸೇರುತ್ತದೆ ಎಂಬುದನ್ನು ಮರೆಯಬಾರದು.

ನಡಿಗೆದಾರಿಯ ತೊಡಕು

ಪಾರ್ಕು ಒಂದು ತುಂಡು ಜಾಗ. ನಡಿಗೆದಾರಿ ಒಂದು ಗೆರೆ. ಪ್ರತಿ ಬಡಾವಣೆಯೂ ತನ್ನ ಶೇ 10ನ್ನು ತನಗೆ ಅನುಕೂಲವಾದ ಮೂಲೆಯಲ್ಲಿ ಬಿಟ್ಟರೆ, ಊರ ತುಂಬ ಚೂರು ಚೂರು ಪಾರ್ಕುಗಳು ಸಿಗುತ್ತವೆ. ಅರ್ಕಾವತಿ ನದಿ ರಾಮನಗರ ಪಟ್ಟಣದ ನಡುವೆಯೇ ಹರಿಯುತ್ತದೆ, ಮುಂದೆ ಕನಕಪುರವನ್ನೂ ಮುಟ್ಟುತ್ತದೆ. ರಾಮನಗರದ ರಂಗರಾಯರದೊಡ್ಡಿ ಕೆರೆ, ಚನ್ನಪಟ್ಟಣದ ಶೆಟ್ಟಿಹಳ್ಳಿ ಕೆರೆಯಂಥ ಕೆರೆಗಳು ಊರಿನ ಒಡಲಲ್ಲೇ ಇವೆ. ನದಿ ದಂಡೆ, ರಾಜಕಾಲುವೆ, ಕೆರೆ ಏರಿ ಇವುಗಳ ಗುಂಟ ಬಡಾವಣೆಗಳ ಬಯಲನ್ನು ಒಂದರ ಪಕ್ಕ ಒಂದು ಜೋಡಿಸಿದರೆ ಮಾತ್ರ ನಡೆಯುವ ದಾರಿ ಹುಟ್ಟುತ್ತದೆ. ಅದನ್ನು ಒಬ್ಬ ಡೆವಲಪರ್ ಮಾಡಲಾರ. ಯೋಜನಾ ಪ್ರಾಧಿಕಾರದ ಮಹಾಯೋಜನೆಯಲ್ಲಿ ಆ ಗೆರೆ ಮೊದಲೇ ಇರಬೇಕು, ನಡುವಿನ ಖಾಲಿ ತುಂಡುಗಳಿಗೆ ಊರಿನ ನಿಧಿ ಬೇಕು.

ದಾರಿಗೆ ಜಾಗ ಕೇಳುವುದಕ್ಕೂ ಮಿತಿಯಿದೆ. ಅಮೆರಿಕದ ಆರೆಗಾನ್ ರಾಜ್ಯದ ಟೈಗಾರ್ಡ್ ಎಂಬ ಊರಿನಲ್ಲಿ ತನ್ನ ಅಂಗಡಿ ದೊಡ್ಡದು ಮಾಡಲು ಹೊರಟ ಒಡತಿಗೆ, ತೊರೆಯ ಪಕ್ಕದ ಜಾಗವನ್ನು ಹಸಿರುಪಟ್ಟಿಗೂ ಸೈಕಲ್ ದಾರಿಗೂ ಬಿಟ್ಟುಕೊಡಬೇಕೆಂದು ನಗರಾಡಳಿತ ಷರತ್ತು ಹಾಕಿತು. 1994ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಕಟ್ಟಡದಿಂದ ಆಗುವ ಹೊರೆಗೂ ಕೇಳುವ ಜಾಗಕ್ಕೂ ಸರಿಸುಮಾರು ಹೊಂದಿಕೆ ಇರಬೇಕು, ಅದನ್ನು ನಗರಾಡಳಿತವೇ ತೋರಿಸಬೇಕು ಎಂದಿತು. ವರಾಡದ ನ್ಯಾಯವನ್ನೇ ಆ ಕೋರ್ಟು ಕಾನೂನಿನ ಮಾತಿನಲ್ಲಿ ಹೇಳಿದಂತಾಯಿತು.

ನಮ್ಮ ನೆರೆಯಲ್ಲೇ ಇನ್ನೊಂದು ಮಾದರಿಯಿದೆ. ಕನ್ನಡಿಗರು ಬಹಳ ಮಂದಿಯಿರುವ ಹೊಸೂರು ಸೇರಿದಂತೆ ತಮಿಳುನಾಡಿನಲ್ಲಿ, 10 ಸಾವಿರ ಚದರ ಮೀಟರಿಗಿಂತ ದೊಡ್ಡ ನಿವೇಶನ ಅಭಿವೃದ್ಧಿಪಡಿಸುವವರು ಶೇ 10ನ್ನು ಬಯಲಿಗೆಂದು ದಾನಪತ್ರ ಮಾಡಿಕೊಡಬೇಕು. 3 ಸಾವಿರದಿಂದ 10 ಸಾವಿರದ ನಡುವಿನವರು ಜಾಗ ಬಿಡಲಾಗದಿದ್ದರೆ ಮಾರ್ಗಸೂಚಿ ಬೆಲೆಯಲ್ಲಿ ದುಡ್ಡು ಕಟ್ಟಬಹುದು. ಚೆನ್ನೈನಲ್ಲಿ ಇದನ್ನು ಪ್ರಶ್ನಿಸಿದ ಪ್ರಕರಣದಲ್ಲಿ 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎತ್ತಿಹಿಡಿಯಿತು. ಸಣ್ಣ ಬಡಾವಣೆಗಳಿಂದ ಎರಡು ಗುಂಟೆಯ ಮೂಲೆ ಪಡೆಯುವ ಬದಲು ದುಡ್ಡು ಪಡೆದು ಒಂದೆಡೆ ದೊಡ್ಡ ಪಾರ್ಕು ಮಾಡಲು ಇಂಥ ದಾರಿ ಅನುಕೂಲ. ಆದರೆ ಆ ದುಡ್ಡು ಬೇರೆ ಖಾತೆಯಲ್ಲಿ ಉಳಿಯಬೇಕು. ಇಲ್ಲವಾದರೆ ಅದು ಸಂಬಳ, ಕರೆಂಟ್ ಬಿಲ್ಲಿನಲ್ಲಿ ಕರಗಿಹೋಗುತ್ತದೆ.

ಲೆಕ್ಕಕ್ಕೇ ಸಿಗದವರು: ರೆವಿನ್ಯೂ ಸೈಟು

ಈವರೆಗಿನ ಮಾತೆಲ್ಲ ಮಂಜೂರಾದ ಬಡಾವಣೆಗಳದ್ದು. ನಕ್ಷೆಗೆ ಮಂಜೂರಾತಿ ಇಲ್ಲದೆ ಹೊಲವನ್ನು ಹಾಗೇ ತುಂಡು ಮಾಡಿ ಮಾರಿದ ರೆವಿನ್ಯೂ ಸೈಟುಗಳಲ್ಲಿ ಪಾರ್ಕಿನ ಶೇ 10 ಎಂಬುದೇ ಇರುವುದಿಲ್ಲ. ಮಾರಿದವರು ಆ ಪಾಲನ್ನು ಉಳಿಸಿಕೊಂಡು ಹೋಗಿರುತ್ತಾರೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಂಡ ಸಂಸಾರಕ್ಕೆ ರಸ್ತೆಯೂ ಸರಿಯಿಲ್ಲ, ಮಕ್ಕಳಿಗೆ ಬಯಲೂ ಇಲ್ಲ. 2025ರಲ್ಲಿ ರಾಜ್ಯ ಸರ್ಕಾರ ಪಟ್ಟಣಗಳ ಇಂಥ ಆಸ್ತಿಗಳಿಗೆ ಬಿ-ಖಾತೆ ಕೊಡುವ ಅಭಿಯಾನ ನಡೆಸಿತು. ಇದರಿಂದ ಅವರು ತೆರಿಗೆಯ ಜಾಲದೊಳಗೆ ಬಂದರು. ತೆರಿಗೆ ಕಟ್ಟಿದ ಮೇಲೆ ಅವರೂ ಊರಿನವರೇ. ಆದರೆ ಖಾತೆ ಕಾಗದದ ಮೇಲೆ ಬರುತ್ತದೆ, ಬಿಡದೇ ಹೋದ ಪಾರ್ಕಿನ ಜಾಗ ಹಿಂದಕ್ಕೆ ಬರುವುದಿಲ್ಲ. ಆ ಕೊರತೆಯನ್ನು ಇಡೀ ಊರೇ ತುಂಬಬೇಕು. ಹಳಬರು ಮತ್ತು ಹೊಸ ಬಡಾವಣೆಯವರು ಜಗಳವಾಡುತ್ತಿರುವಾಗ ಅತಿ ಹೆಚ್ಚು ನಷ್ಟವಾಗಿರುವುದು ಈ ಮೂರನೆಯವರಿಗೆ.

ನಂಬಿಕೆ 5: "ಪಾರ್ಕಿನ ಜಾಗ ಖಾಲಿ ಬಿದ್ದಿದ್ದರೆ ಬೇರೆ ಕೆಲಸಕ್ಕೆ ಬಳಸಬಹುದು"

ಬಳಸುವಂತಿಲ್ಲ. ಬೆಂಗಳೂರಿನ ಸದಾಶಿವನಗರದಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಹಂಚಿದಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ ಆ ಹಂಚಿಕೆ ಕಾನೂನಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಪಾರ್ಕಿನ ಪಕ್ಕ ವಾಸಿಸುವ ಸಾಮಾನ್ಯ ನಿವಾಸಿಗೂ ಪ್ರಶ್ನಿಸುವ ಹಕ್ಕಿದೆ ಎಂಬುದನ್ನೂ ಒಪ್ಪಿತು. ಇದಲ್ಲದೆ 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಸ್ಥಳಗಳ ಸಂರಕ್ಷಣಾ ಕಾಯ್ದೆಯೂ ಇದೆ.

ಖಾಲಿ ಬೀಳುವುದಕ್ಕೆ ಕಾರಣ ಹೆಚ್ಚಾಗಿ ನಿರ್ವಹಣೆಯದ್ದು. ಜಾಗ ಬಿಡುವುದು, ಬೇಲಿ ಹಾಕುವುದು ಒಂದು ಸಲದ ಖರ್ಚು. ನೀರು, ಮಾಲಿಯ ಸಂಬಳ, ದೀಪ, ಕಸ ಇವು ಪ್ರತಿ ತಿಂಗಳ ಖರ್ಚು. ಅಭಿವೃದ್ಧಿ ಶುಲ್ಕ ಮೊದಲನೆಯದಕ್ಕೆ ಆಗುತ್ತದೆ, ಎರಡನೆಯದು ಆಸ್ತಿ ತೆರಿಗೆಯಿಂದಲೇ ನಡೆಯಬೇಕು. ಆದ್ದರಿಂದ ಪಾರ್ಕು ಕಟ್ಟುವ ಖರ್ಚನ್ನು ಹಳಬರು, ಹೊಸಬರು ಹಂಚಿಕೊಂಡರೂ, ನೋಡಿಕೊಳ್ಳುವ ಖರ್ಚಿನಲ್ಲಿ ಹಳಬರು ಹೊಸಬರು ಎಂಬ ಭೇದವಿಲ್ಲ. ಅದು ಎಲ್ಲರ ವರಾಡ.

ನಾವು ಏನು ಕೇಳಿ ನೋಡಬಹುದು?

- ಸೈಟು ಕೊಳ್ಳುವ ಮೊದಲು ಮಂಜೂರಾದ ನಕ್ಷೆಯಲ್ಲಿ ಪಾರ್ಕು ಎಲ್ಲಿದೆ, ಎಷ್ಟು ಗುಂಟೆ ಎಂದು ನೋಡಿ. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆ ರೇರಾದಲ್ಲಿ ನೋಂದಣಿಯಾಗಿರಬೇಕು, ನಕ್ಷೆ ಅಲ್ಲೇ ಸಿಗುತ್ತದೆ. ಬ್ರೋಷರಿನ ಬಣ್ಣದ ಚಿತ್ರವನ್ನು ನಂಬಬೇಡಿ.
- ಆ ಜಾಗ ಪ್ರಾಧಿಕಾರಕ್ಕೆ ಅಥವಾ ನಗರಸಭೆಗೆ ಹಸ್ತಾಂತರವಾಗಿದೆಯೇ ಕೇಳಿ. ಹಸ್ತಾಂತರವಾಗದ ಪಾರ್ಕು ಯಾರ ಪುಸ್ತಕದಲ್ಲೂ ಇಲ್ಲದ ಪಾರ್ಕು.
- ನಿಮ್ಮ ವಾರ್ಡಿನಲ್ಲಿ ಎಷ್ಟು ಪಾರ್ಕಿನ ಜಾಗವಿದೆ, ಎಷ್ಟಕ್ಕೆ ಬೇಲಿಯಿದೆ ಎಂಬ ಪಟ್ಟಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು.
- ನಗರಸಭೆ, ಪುರಸಭೆಗಳು ಬಜೆಟ್ಟಿಗೆ ಮೊದಲು ಸಾರ್ವಜನಿಕರ ಸಭೆ ಕರೆಯುತ್ತವೆ. ಉದ್ಯಾನಕ್ಕೆ ಕಳೆದ ವರ್ಷ ಇಟ್ಟದ್ದೆಷ್ಟು, ಖರ್ಚಾದದ್ದೆಷ್ಟು, ಬಡಾವಣೆಗಳಿಂದ ಬಂದ ಶುಲ್ಕ ಎಲ್ಲಿಗೆ ಹೋಯಿತು ಎಂದು ಕೇಳಲು ಅದೇ ಸರಿಯಾದ ಜಾಗ.

ಕೊನೆಯದಾಗಿ ಮತ್ತೆ ವರಾಡದ ಮಾತು. ಹಬ್ಬ ಮುಗಿದ ಮೇಲೆ ಯಜಮಾನರು ದೇವಸ್ಥಾನದ ಜಗಲಿಯಲ್ಲಿ ಕೂತು ಲೆಕ್ಕ ಓದುತ್ತಾರೆ: ಬಂದದ್ದು ಇಷ್ಟು, ಹೋದದ್ದು ಇಷ್ಟು, ಉಳಿದದ್ದು ಇಷ್ಟು. ಆ ಲೆಕ್ಕ ಓದುವವರೆಗೆ ಮುಂದಿನ ವರ್ಷದ ವರಾಡಕ್ಕೆ ಯಾರೂ ಕೈ ಬಿಚ್ಚುವುದಿಲ್ಲ. ಪಾರ್ಕಿನ ವಿಷಯದಲ್ಲೂ ಯಾರು ಎಷ್ಟು ಕೊಡಬೇಕು ಎಂಬ ಪ್ರಶ್ನೆಗೆ ಮೊದಲು, ಇರುವುದೆಷ್ಟು ಎಂಬ ಲೆಕ್ಕವನ್ನು ಎಲ್ಲರ ಎದುರು ಓದಬೇಕಾಗಿದೆ.